ಟೆಂಪೊಗೆಂದು ಕಾಸಿದ ಎಣ್ಣೆ

ಇವತ್ತು ಬೆಳಿಗ್ಗೆ, ರಾಯಚೂರಿನ ನಮ್ಮ ಬಚ್ಚಲಲ್ಲಿ, ಗ್ರೀಸು ಹತ್ತಿದ ಕೈ ತೊಳೆಯಲು ಸಾಬೂನು ಹುಡುಕಿದೆ. ಗೂಡಿನ ಮೂಲೆಯಲ್ಲಿ ಇಟ್ಟಿಗೆ ಬಣ್ಣದ ತುಂಡೊಂದು ಸಿಕ್ಕಿತು. ಮೂಸಿದರೆ ಮಿರ್ಚಿ ಭಜಿಯ ವಾಸನೆ. ನೀವು ನಗಬಹುದು, ನಾನು ಮಾತ್ರ ಮತ್ತೊಮ್ಮೆ ಮೂಸಿದೆ. ಈ ತುಂಡು ಹುಟ್ಟಿದ ಡ್ರಮ್ಮಿನ ಪಕ್ಕ ಅಂದು ನಿಂತಿದ್ದವನು ನಾನು. ಕಂಡಷ್ಟನ್ನೇ, ಕಂಡ ಕ್ರಮದಲ್ಲೇ ಹೇಳುತ್ತೇನೆ.

ಪೋತ್ನಾಳದ ನನ್ನ ಸೋದರಮಾವನಿಗೆ ಮದುವೆ ಕುದುರಿಸುವ ಹುಚ್ಚು. ಅದಕ್ಕಿಂತ ದೊಡ್ಡ ಹುಚ್ಚು, ಅಂಗಳದಲ್ಲಿ ನಿಂತುಹೋದ ಹಳೆಯ ಟೆಂಪೊ. ಅದರ ಸೀಟಿನಲ್ಲಿ ಕೋಳಿ ಕಾವು ಕೂತಿದ್ದರೆ, ಮಾಮ ಅದಕ್ಕೆ ತೊಂದರೆಯಾಗದಂತೆ ಪಕ್ಕದಲ್ಲಿ ಕೂತು ಸ್ಟೇರಿಂಗ್ ಒರೆಸುತ್ತಿದ್ದರು. ಅತ್ತೆ ಕೊನೆಗೆ ಹೇಳಿಬಿಟ್ಟರು: "ಸೋಮವಾರ ಇದು ಬೀಗರನ್ನ ಹೊತ್ಕೊಂಡು ಮದುವಿಗೆ ಗೂಗಲ್ ಊರಿಗೆ ಹೋಗಲಿಲ್ಲಂದ್ರ, ಮಂಗಳವಾರ ಗುಜರಿಗೆ."

ಮಾಮ ಯಾವುದೋ ಶಿಬಿರದಲ್ಲಿ ಕರಿದುಳಿದ ಎಣ್ಣೆಯಿಂದ ಡೀಸೆಲ್ ಮಾಡುವುದನ್ನು ನೋಡಿ ಬಂದಿದ್ದರು. ಊರಿನ ಮಿರ್ಚಿ ಬಂಡಿಗಳ ಕರಿ ಎಣ್ಣೆಯೆಲ್ಲ ನಮ್ಮ ಡ್ರಮ್ಮಿಗೆ ಬಂತು. ಮೆಥನಾಲೂ ಬಂತು. ಕಾಸ್ಟಿಕ್ ಸೋಡಾ ಯಾಕೆಂದು, ವಿಜ್ಞಾನ ಓದಿದವನೆಂದು ನನ್ನನ್ನು ಕೇಳಿದರು. ಅದು ವೇಗವರ್ಧಕ, ಎಣ್ಣೆಯನ್ನೂ ಮೆಥನಾಲನ್ನೂ ಬೇಗ ಕೂಡಿಸುತ್ತದೆ, ತಾನು ಖರ್ಚಾಗುವುದಿಲ್ಲ ಎಂದೆ.

"ಅಂದ್ರ ನನ್ನಂಗ ಅನ್ನು. ಗಂಡು-ಹೆಣ್ಣು ಕೂಡಸೂದು, ಉಂಡು ಮನಿಗೆ ಬರೂದು."

"ಉಂಡು ಬರೂದು ಮಾತ್ರ ಖರೇ," ಎಂದರು ಅತ್ತೆ.

ಒಂದು ಎಚ್ಚರಿಕೆಯನ್ನೂ ಹೇಳಿದ್ದೆ: ನೀರು ಸೋಕಿದರೆ ಡೀಸೆಲ್ ಆಗುವುದಿಲ್ಲ, ಸಾಬೂನಾಗುತ್ತದೆ. ಮಾಮ ಅಕ್ಷರಶಃ ಪಾಲಿಸಿದರು. ಕೊಡ ಹೊತ್ತು ಬಂದ ಅತ್ತೆಯನ್ನು ಹಿತ್ತಿಲಿನಿಂದ ಸುತ್ತಿಸಿದರು. ಆ ಬಿಸಿಲಲ್ಲಿ ನನಗೆ, "ಲೇ, ಬೆವರು ಒರಸ್ಕೊಂಡು ಬಾ," ಎಂದರು.

ಎಣ್ಣೆ ಕಾಯಿತು. ಮೆಥನಾಲಿನಲ್ಲಿ ಕಲಸಿದ ಕಾಸ್ಟಿಕ್ ಅದಕ್ಕೆ ಬಿತ್ತು. ಶುರುವಿನ ಕೆಲಸಕ್ಕೆ ಕಾಯಿ ಒಡೆಯದೆ ಇರಲಾದೀತೇ? ಮಾಮ ಕುಂಕುಮ ಹಚ್ಚಿ, ಟಪ್ಪೆಂದು ಒಡೆದು, ಅದರ ನೀರನ್ನು ಅಷ್ಟೂ ಡ್ರಮ್ಮಿಗೇ ಸುರಿದರು.

"ಮಾಮಾ, ನೀರು!" ಎಂದು ಚೀರಿದೆ.

"ಲೇ, ಅದು ತೀರ್ಥ!"

ಅಷ್ಟರಲ್ಲಿ ಪಕ್ಕದ ಮನೆಯ ಖಾಜಾ ಚಾಚಾ, ದರ್ಗಾದಿಂದ ತಂದ ನೀರಿನ ಬಾಟಲಿ ಹಿಡಿದು ಬಂದರು. "ಬರಕತ್ ಆಗ್ಲಿ, ಅಣ್ಣಾ," ಎಂದು ಬಾಟಲಿ ಬಗ್ಗಿಸಿದರು. ಮಾಮ ಕೈ ಮುಗಿದರು.

ಡ್ರಮ್ಮು ಮೊದಲು ಗುಳುಗುಳು ಎಂದಿತು. ಆಮೇಲೆ ನೊರೆ ಉಕ್ಕಿತು; ನಾವು ಮೂವರೂ ಟೆಂಪೊದ ಹಿಂದೆ ಓಡಿ ಅವಿತೆವು, ಕೋಳಿ ನಮಗಿಂತ ಮೊದಲು. ನೊರೆ ಇಳಿದ ಮೇಲೆ ಹೋಗಿ ನೋಡಿದರೆ, ಕಲಕುವ ಕಟ್ಟಿಗೆ ಯಾರೂ ಹಿಡಿಯದೆ ತಾನೇ ನೆಟ್ಟಗೆ ನಿಂತಿತ್ತು. ಮಾಮ ಡ್ರಮ್ಮಿನೊಳಗೆ ಇಣುಕಿದರು. "ಕಾಸ್ಟಿಕ್ ಖರ್ಚಾಗೂದಿಲ್ಲ ಅಂದಿದ್ದಿಯಲ್ಲಲೇ. ಎಲ್ಲಿ ಅದ?"

ಸೋಮವಾರ ಬೀಗರು ಬಸ್ಸಿನಲ್ಲಿ ಗೂಗಲ್‌ಗೆ ಹೋದರು. ಮಾಮ ತಾವೇ ಕುದುರಿಸಿದ ಆ ಮದುವೆಗೂ ಹೋಗದೆ ಟೆಂಪೊದಲ್ಲೇ ಕೂತರು. ಮಂಗಳವಾರ ಬೆಳಿಗ್ಗೆ ಅತ್ತೆ ಕುಡುಗೋಲಿನಿಂದ ಡ್ರಮ್ಮಿನ ಸಾಬೂನು ಕೊಯ್ದು, "ಹೋಗೂದು ಹೋಗ್ತದ, ಸ್ವಚ್ಛ ಆಗಿ ಹೋಗ್ಲಿ," ಎಂದು ಟೆಂಪೊ ತಿಕ್ಕಲು ನಿಂತರು. ಮಾಮ ನೀರು ಸೇದಿ ಕೊಟ್ಟರು. ಮಸಿಯಡಿಯಿಂದ ನೀಲಿ ಬಣ್ಣ ಹೊರಬಂತು. ಗುಜರಿಯವನು ಟ್ರ್ಯಾಕ್ಟರ್ ತಂದಾಗ ಅತ್ತೆ ಒದ್ದೆ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತಿದ್ದರು.

"ಈಗಷ್ಟ ತೊಳದೀನಿ. ತೊಳದಿದ್ದನ್ನ ಯಾರಾರ ಗುಜರಿಗೆ ಕೊಡ್ತಾರೇನ್ರಿ?"

ಇವತ್ತು ಕೈಯ ಗ್ರೀಸು ಹೋಯಿತು, ಮಿರ್ಚಿ ವಾಸನೆ ಉಳಿಯಿತು. ಅದೇ ಕೈಯಲ್ಲಿ ಮಾಮನಿಗೆ ಫೋನು ಮಾಡಿದೆ. ಟೆಂಪೊ ಹೇಗಿದೆ ಎಂದೆ.

"ನಿಂತದ. ನಿಮ್ಮತ್ತಿ ಅದ ಸಾಬೂನಿಂದ ತೊಳಿಯಾಕತ್ತಾಳ," ಎಂದರು. ಆಮೇಲೆ, "ಕಾಸ್ಟಿಕ್ ಬಗ್ಗೆ ನೀ ಅಂದಿದ್ದು ಖರೇ ಅದಲೇ. ಖರ್ಚ ಆಗವಲ್ದು."