ಬೆಳ್ಳಿಯಲ್ಲಿ ಸಿಗದ ಅಂಗ

ಚೌಡಮ್ಮನನ್ನು ನಂಬಿದ ಅಕ್ಕತಂಗಿಯರೇ, ಗಂಡಸರೂ ಓದಿದರೆ ಓದಲಿ. ಮೂರನೇ ಹೆರಿಗೆಯಾದಾಗಿನಿಂದ ನನಗೆ ಕೆಮ್ಮಿದರೆ, ಸೀನಿದರೆ, ನಕ್ಕರೆ ಸೀರೆ ಒದ್ದೆಯಾಗುತ್ತಿತ್ತು. ನಾನೋ ಮಾತುಮಾತಿಗೆ ನಗುವವಳು. ಕಳೆದ ವರ್ಷ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಮೂತ್ರನಾಳದ ಕೆಳಗೆ ಜಾಲರಿಯಂಥ ಪಟ್ಟಿ ಕೂರಿಸಿದರು. ಸೋರುವುದು ನಿಂತಿತು. ದೀಪಾವಳಿ ಕಳೆಯುವಷ್ಟರಲ್ಲಿ ಒಳಗೆ ಮುಳ್ಳು ಚುಚ್ಚಿದಂತೆ ನೋವು, ಆಗಾಗ ರಕ್ತದ ಕಲೆ, ಮೇಲೆ ಉರಿಮೂತ್ರ. ಕೂರಲಾಗದು, ಗಂಡನ ಹತ್ತಿರ ಮಲಗಲಾಗದು. ಅದೇ ಆಸ್ಪತ್ರೆಗೆ ಹೋದರೆ ಡಾಕ್ಟರು ಪರೀಕ್ಷೆಯನ್ನೂ ಮಾಡದೆ, "ಆಪರೇಷನ್ ಚೆನ್ನಾಗೇ ಆಗಿದೆ, ನೀವು ಸುಮ್ನೆ ಯೋಚನೆ ಮಾಡ್ತೀರಿ" ಎಂದು ನಿದ್ದೆ ಮಾತ್ರೆ ಬರೆದರು. ಹೊನ್ನಾಳಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದೆ. ಜೀವಮಾನವೆಲ್ಲ ಹೀಗೇ ಏನೋ ಎಂದು ಭಯವಾಯಿತು. "ಚೌಡಮ್ಮಾ, ನೀನೂ ಹೆಣ್ಣು, ನಿನಗಾದರೂ ತಿಳಿಯಬೇಕು" ಎಂದು ದಾರಿಯುದ್ದಕ್ಕೂ ಕಣ್ಣೀರು ಹಾಕಿದೆ.

ನನಗೆ ನೋವು ಎಂದಷ್ಟೇ ಅತ್ತೆಗೆ ಹೇಳಿದ್ದೆ. "ನೋಯೋ ಅಂಗನ ಬೆಳ್ಳೀಲಿ ಮಾಡ್ಸಿ ಅಮ್ಮನ ಪಾದಕ್ಕೆ ಇಡವ್ವ" ಎಂದರು. ಕಣ್ಣು ಬೇನೆಗೆ ಬೆಳ್ಳಿ ಕಣ್ಣು, ಕಾಲು ನೋವಿಗೆ ಬೆಳ್ಳಿ ಕಾಲು ಒಪ್ಪಿಸುವುದು ನಮ್ಮಲ್ಲಿ ನಡೆದುಬಂದದ್ದೇ. ಹೊನ್ನಾಳಿಯಲ್ಲಿ ಎಲ್ಲರೂ ಗುರುತಿನವರು, ಅದಕ್ಕೆ ಚನ್ನಗಿರಿಯ ಬೆಳ್ಳಿ ಅಂಗಡಿಗೆ ಹೋದೆ.

"ಯಾವ ಅಂಗ ಬೇಕ್ರಿ?" ಎಂದರು ಅಂಗಡಿಯವರು.

"ಹೊಟ್ಟೆ... ಅದಕ್ಕಿಂತ ಸ್ವಲ್ಪ ಕೆಳಗೆ."

"ಮೊಣಕಾಲ?"

"ಅಷ್ಟು ಕೆಳಗಲ್ರೀ."

"ತೊಡೆ ಐತೆ, ಕೊಡ್ಲಾ?"

"ಅದೂ ಅಲ್ಲ."

ಅವರು ತಕ್ಕಡಿ ನೋಡಿದರು, ನಾನು ಕ್ಯಾಲೆಂಡರ್ ನೋಡಿದೆ. ಕೊನೆಗೆ ಹೆಂಡತಿಯನ್ನು ಕರೆದು ಕೂರಿಸಿ, ಟೀ ಕುಡಿಯುವ ನೆವದಲ್ಲಿ ಪಾರಾದರು.

ಆಕೆಯ ಕಿವಿಯಲ್ಲಿ ಎಲ್ಲ ಹೇಳಿದೆ. ಗಂಡನಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. "ಅಯ್ಯೋ ಅಕ್ಕಾ, ನಂಗೂ ಆ ಪಟ್ಟಿ ಚರ್ಮ ಹರ್ಕಂಡು ಬಂದಿತ್ತು. ಬೆಳ್ಳಿ ಆಮೇಲೆ ಮಾಡ್ಸಾಕೆ ಬರ್ತೈತೆ. ಶಿವಮೊಗ್ಗದಾಗೆ ಒಬ್ರು ಲೇಡಿ ಡಾಕ್ಟ್ರು ಅದಾರೆ, ಮೊದ್ಲು ಅವ್ರಿಗೆ ತೋರ್ಸ್ರಿ" ಎಂದಳು.

ಆ ಡಾಕ್ಟರು ಪರೀಕ್ಷಿಸಿದ ಕೂಡಲೇ, "ಪಟ್ಟಿ ಹೊರಗೆ ಚಾಚಿದೆಯಮ್ಮ. ನಿಮ್ಮ ನೋವು ಸುಳ್ಳಲ್ಲ" ಎಂದರು. ಆ ಮಾತಿಗೇ ಅರ್ಧ ನೋವು ಹೋಯಿತು. ಚಾಚಿದ ತುಂಡನ್ನು ಕತ್ತರಿಸಿ ಹೊಲಿಗೆ ಹಾಕಿದ ಮೇಲೆ ಉಳಿದರ್ಧವೂ ನಿಧಾನವಾಗಿ ಹೋಯಿತು. ಜೋರಾಗಿ ಸೀನಿದರೆ ಈಗಲೂ ಒಂದು ಹನಿ ಜಾರುತ್ತದೆ. ಅದಕ್ಕೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ.

ನನ್ನನ್ನು ಆ ಅಂಗಡಿಗೆ ಕಳಿಸಿದವಳು ಚೌಡಮ್ಮನೇ, ಇದರಲ್ಲಿ ನನಗೆ ಅನುಮಾನವಿಲ್ಲ. ಮೊನ್ನೆ ಶುಕ್ರವಾರ ಇಡೀ ಹೆಣ್ಣಿನ ಬೆಳ್ಳಿ ಗೊಂಬೆಯನ್ನೇ ಒಪ್ಪಿಸಿದೆ, ಎಲ್ಲ ಅಂಗವೂ ಅದರಲ್ಲೇ ಬರಲಿ ಎಂದು. ಪೂಜೆ ಮುಗಿದ ಮೇಲೆ ಗುಡಿಯಲ್ಲೇ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಗಂಡಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಹೆಂಗಸರು ಯಾರೂ ಏಳಲಿಲ್ಲ.

ಎಪ್ಪತ್ತು ದಾಟಿದ ನಮ್ಮತ್ತೆ ಹಿಂದಿನಿಂದ ಕೈ ಎತ್ತಿದರು. "ಆ ಡಾಕ್ಟ್ರು ನಮ್ಮಂಥ ವಯಸ್ಸಾದೋರ್ನೂ ನೋಡ್ತಾರೇನವ್ವ?"

ತಾಯೇ, ನಾಳೆ ನಾವಿಬ್ಬರೂ ಶಿವಮೊಗ್ಗದ ಬಸ್ಸು ಹತ್ತುತ್ತೇವೆ. ಜೊತೆಗಿರು.