ಮೇಡಂ ಹೇಳದ ಮಾತು

ಗಂಗವ್ವಾ, ‘ನಿನಗೆ ಗುಣವಾಗಿದೆ, ಇನ್ನು ಬರಬೇಕಿಲ್ಲ’ ಎಂದು ಜಮಖಂಡಿಯ ಡಾಕ್ಟರ್ ಮೇಡಂ ಹೇಳಿರಲಿಲ್ಲ. ಆ ಮಾತು ನನ್ನದು. ಹನ್ನೊಂದು ವರ್ಷ ಅದನ್ನು ಅವರ ಹೆಸರಿನಲ್ಲೇ ನಡೆಸಿಕೊಂಡು ಬಂದೆ — ನಿನ್ನ ಒಡಹುಟ್ಟಿದ ಅಕ್ಕ, ಸುಳ್ಳು ಕಂಡರೆ ಉರಿದು ಬೀಳುವವಳೆಂದು ಬನಹಟ್ಟಿಯಲ್ಲೆಲ್ಲ ಹೆಸರಾದವಳು.

ಬೀಳಗಿ ಕಡೆಯ ನಿನ್ನ ಗಂಡನ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಮೇಲೆ ನೀವೆಲ್ಲ ನಮ್ಮ ಓಣಿಗೆ ಬಂದಿರಿ. ನೀನು ಮಗ್ಗಕ್ಕೆ ಕೂತೆ. ಕೂತವಳು ನಡುವೆಯೇ ಕೈ ನಿಲ್ಲಿಸಿ ಕೇಳುತ್ತಿದ್ದೆ: “ಅಕ್ಕಾ, ನೀರಾಗ ನಮ್ಮ ಮನಿ ಬಾಗ್ಲಾ ಇನ್ನೂ ತೆರದ ಐತೇನು?” ಕಣ್ಣು ಮುಚ್ಚಿದರೆ ಸಾಕು, ಹಸಿರು ನೀರಿನೊಳಗೆ ಅಂಗಳ ಗುಡಿಸುತ್ತಿದ್ದೆಯಂತೆ. ಗುಡಿಸಿದ ಕಸ ಮೇಲಕ್ಕೆ ತೇಲಿ, ಮತ್ತೆ ಮೆಲ್ಲಗೆ ಅಲ್ಲೇ ಇಳಿಯುತ್ತಿತ್ತಂತೆ. ಊಟ ಬಿಟ್ಟೆ. ಮಗಳಿಗೆ ಜಡೆ ಹಾಕುವುದನ್ನೂ ಮರೆತೆ.

ಆಪ್ತಸಮಾಲೋಚನೆಗೆಂದು ಮೂರು ಸಲ ನಿನ್ನನ್ನು ಜಮಖಂಡಿಗೆ, ಆ ಮೇಡಂ ಬಳಿ ಕರೆದೊಯ್ದೆ. ಮೂರನೆಯ ಸಲ, ಬರುವಾಗ ಬಸ್ಸಿನಲ್ಲಿ ನೀನು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದೆ. ಎದ್ದು ಚುರಮರಿ ಕೇಳಿದೆ. “ಇವತ್ತ ಅರ್ಧಾ ಬಾಗ್ಲಾ ಮುಚ್ಚಿ ಬಂದೆ” ಅಂದೆ. ನನಗೆ ಅಳು ಬಂದಿತ್ತು.

ನಮ್ಮ ನೇಕಾರರ ಸಂಘದ ವಿಮೆಯಿಂದ ಆ ಖರ್ಚು ಸಿಗುತ್ತಿತ್ತು. ರೋಗದ ಹೆಸರು ಬರೆದು ಮೇಡಂ ಕೊಟ್ಟ ಚೀಟಿ ಲಗತ್ತಿಸಿದರೆ ಆಯಿತು. ಸಂಘದಲ್ಲಿ ಫಾರಂ ತುಂಬುವವಳು ನಾನೇ. ಆದರೆ ಒಂದು ಪದ್ಧತಿಯಿತ್ತು — ಸೋಮವಾರ ನೂಲು ಒಯ್ಯಲು ಬಂದವರ ಮುಂದೆ ಪ್ರತಿ ಫಾರಂ ಗಟ್ಟಿಯಾಗಿ ಓದಬೇಕು. ಅವರು ‘ಖರೆ’ ಅಂದ ಮೇಲೆಯೇ ಸಂಘದ ಶಿಕ್ಕಾ ಒತ್ತಬೇಕು. ಸುಳ್ಳು ಬಿಲ್ಲು ತಡೆಯಲು ಅದನ್ನು ಜಾರಿಗೆ ತಂದವಳೂ ನಾನೇ!

ನಿನ್ನ ಫಾರಂ ಓದುವ ದಿನ ಕಟ್ಟೆ ತುಂಬ ಜನ. ‘ಮನಸ್ಸಿನ ಕಾಯಿಲೆ’ ಎಂದು ಹೇಗೆ ಓದಲಿ — ನಮ್ಮ ಮನೆತನ, ನನ್ನ ಹೆಸರು... ಬೆನ್ನುನೋವು ಎಂದು ಬರೆದುಬಿಟ್ಟಿದ್ದೆ. ಮಗ್ಗದವರಲ್ಲಿ ಅದಕ್ಕಿಂತ ಮರ್ಯಾದಸ್ಥ ರೋಗ ಇನ್ನಾವುದು? “ಖರೆ, ಖರೆ” ಎಂದರು ಎಲ್ಲರೂ. “ಪಾಪ, ಎಣ್ಣಿ ಕಾಸಿ ತಿಕ್ಕವಾ” ಎಂದಳು ಒಬ್ಬಾಕೆ.

ಚೀಟಿಗೂ ಫಾರಂಗೂ ತಾಳೆಯಿಲ್ಲ, ಸರಿಪಡಿಸಿ ಕಳಿಸಿ ಎಂದು ವಿಮೆಯವರು ಹಿಂದಿರುಗಿಸಿದರು. ಸರಿಪಡಿಸಿದರೆ ಮತ್ತೆ ಓದಬೇಕು. ಎರಡನ್ನೂ ಒಲೆಗೆ ಹಾಕಿದೆ. ವಿಮೆಯಿಲ್ಲದೆ ವಾರವಾರ ಹೋಗುವ ಶಕ್ತಿ ನಮಗಿರಲಿಲ್ಲ, ನಿಜ. ಅದನ್ನಾದರೂ ನಿನಗೆ ಹೇಳಬಹುದಿತ್ತು. ಹೇಳಿದ್ದು ಬೇರೆ: “ಮೇಡಂ ಅಂದ್ರು, ನಿನಗ ಆರಾಮ ಆಗೇತಂತ. ಇನ್ನ ಬರೂದು ಬ್ಯಾಡಂತ.”

“ಖರೇನ ಅಕ್ಕಾ?” ಎಂದು ನೀನು ನಕ್ಕೆ. ಮರುದಿನ ಮಗ್ಗಕ್ಕೆ ಕೂತೆ. ಆಮೇಲೆ ನೀರಿನ ಸುದ್ದಿ ಎತ್ತಲೇ ಇಲ್ಲ. ನನ್ನ ಸುಳ್ಳೇ ಮದ್ದಾಯಿತು ಎಂದು ನಾನು ನಂಬಿದೆ. ಹಾಗೆ ನಂಬುವುದು ನನಗೆ ಹಿತವಾಗಿತ್ತು.

ಮೊನ್ನೆ ನಿನ್ನ ಮಗಳು, ತನ್ನ ಮನಸ್ಸು ಸರಿಯಿಲ್ಲ, ಯಾರಿಗಾದರೂ ತೋರಿಸಬೇಕು ಎಂದು ಅತ್ತಳು. ನೀನು ಅವಳ ತಲೆ ಸವರಿ ಹೇಳಿದೆ: “ಯಾಕ ಬೇಕ ಮಗಳ? ನನಗ ಆರಾಮ ಆಗೇತಿ ಅಂತ ಡಾಕ್ಟರ ಅಂದಾರ. ಈಗೂ ಕಣ್ಣ ಮುಚ್ಚಿದ್ರ ನೀರಾಗ ಇರ್ತೇನಿ. ಆರಾಮ ಅಂದ್ರ ಇಷ್ಟೇ ಇರ್ತೈತಿ.”

ನಾಳೆ ಅವಳೆದುರೇ ಇದನ್ನೆಲ್ಲ ನಿನಗೆ ಹೇಳುತ್ತೇನೆ. ಬೈದರೆ ಬೈ, ಮಾತು ಬಿಟ್ಟರೆ ಬಿಡು. ಆರಾಮ ಅಂದರೆ ಇಷ್ಟೇ ಅಲ್ಲ ಗಂಗವ್ವಾ. ಇನ್ನೂ ಇತ್ತು. ಅದು ನಿನಗೆ ಸಿಗದಂತೆ ಮಾಡಿದವಳು ನಾನು.