ಡಬ್ಬಿಯಲ್ಲಿದ್ದ ಹಲಸಿನ ಗಿಡ

ನಾನು ಚಿಕ್ಕವನಿದ್ದಾಗ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಈಗ ಅದು ಅಲ್ಲಿಂದ ಇಳಿದಿದೆ ಎಂದರೆ ನಿಮ್ಮ ಅಜ್ಜಿ ಒಪ್ಪುವುದಿಲ್ಲ. ಇರಲಿ. ಕೆಲವು ಕೋಪಕ್ಕೆ ಸರಿಯಾದ ಕಾರಣ ಇರುತ್ತದೆ ಮಕ್ಕಳೇ. ಮದ್ರಾಸಿನಲ್ಲಿ ಮನೆಮಂದಿಯೆಲ್ಲ ಚರ್ಚುಗಳಿಗೆ ಹೊರಟ ಒಂದು ದಿನ ನನಗೆ ಬಂದ ಸಿಟ್ಟನ್ನು ನಾನು ಇನ್ನೂ ಬಿಟ್ಟಿಲ್ಲ. ಹೇಳುತ್ತೇನೆ ಕೇಳಿ. ನ್ಯಾಯ ಯಾರ ಕಡೆಗಿತ್ತು ಎಂದು ನೀವೇ ತೀರ್ಮಾನಿಸಿ.

ಅಪ್ಪ ಉಡುಪಿಯ ಕಡೆಯವರು. ಮದ್ರಾಸಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ನಾವು ಸೌಕಾರ್‌ಪೇಟೆಯ ಒಂದು ವಠಾರದಲ್ಲಿದ್ದೆವು. ಬೀದಿ ಎಷ್ಟು ಕಿರಿದೆಂದರೆ ಕೈಗಾಡಿ ಬಂದಾಗ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಹೊಸ ಬಟ್ಟೆಯ ಗಂಜಿ ವಾಸನೆ, ತುಪ್ಪದಲ್ಲಿ ಕರಿಯುವ ಜಿಲೇಬಿಯ ವಾಸನೆ, ಚರಂಡಿಯ ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಮರ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಅಲ್ಲಿಯವರೆಗೆ ಊರಿನಲ್ಲಿ ಅಜ್ಜಿಯ ಜೊತೆ ಇದ್ದು, ಹಲಸಿನ ಮರದ ಬುಡದಲ್ಲಿ ಆಡಿ ಬೆಳೆದ ನನಗೆ ಆ ಬೀದಿ ಜೈಲಿನ ಹಾಗಿತ್ತು.

ಒಂದು ಬೇಸಿಗೆಯಲ್ಲಿ ಊರಿನಿಂದ ಬಂದವರು ಹಲಸಿನ ಹಣ್ಣು ತಂದಿದ್ದರು. ಬೀಜಗಳನ್ನೆಲ್ಲ ಅಮ್ಮ ಹುಳಿಗೆ ಹಾಕಿದಳು. ಒಂದನ್ನು ಮಾತ್ರ ನಾನು ತಪ್ಪಿಸಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ ಹೂತೆ. ಅದು ಮೊಳೆಯಿತು. ವಠಾರದ ಅಂಗಳಕ್ಕೆ ಮಧ್ಯಾಹ್ನ ಒಂದಿಷ್ಟು ಹೊತ್ತು ಮಾತ್ರ ಬಿಸಿಲು ಬೀಳುತ್ತಿತ್ತು. ರಜೆಯ ದಿನಗಳಲ್ಲಿ ಬಿಸಿಲು ಸರಿದ ಹಾಗೆ ನಾನೂ ಡಬ್ಬಿಯನ್ನು ಸರಿಸುತ್ತಾ ಕೂರುತ್ತಿದ್ದೆ. ಗಿಡ ಮೊಣಕಾಲೆತ್ತರ ಬೆಳೆಯಿತು, ಆರು ಎಲೆ ಬಿಟ್ಟಿತು, ಅಲ್ಲಿಗೇ ನಿಂತಿತು. ಡಬ್ಬಿಯ ಅಡಿಯ ತೂತಿನಿಂದ ಬೇರು ಹೊರಗೆ ಬಂದಿತ್ತು. ಇನ್ನು ನೆಲಕ್ಕೆ ಹೋಗದಿದ್ದರೆ ಗಿಡ ಸಾಯುತ್ತದೆ ಎಂದು ಅಪ್ಪನೇ ಹೇಳಿದರು. ಆದರೆ ನಮ್ಮ ಬೀದಿಯಲ್ಲಿ ನೆಲ ಎಲ್ಲಿತ್ತು?

ಆ ವರ್ಷವೇ ಅಕ್ಕನಿಗೆ ಟೈಫಾಯ್ಡ್ ಆಗಿತ್ತು. ಅಮ್ಮ ಊರಿನ ದೇವರುಗಳಿಗೆಲ್ಲ ಹರಕೆ ಹೊತ್ತಳು. ಅದು ಸಾಲದು ಎನ್ನಿಸಿ, ಪಕ್ಕದ ಕೋಣೆಯ ಕ್ರಿಶ್ಚಿಯನ್ ಟೀಚರಮ್ಮ ಹೇಳಿದಂತೆ ಮದ್ರಾಸಿನ ಮೂರು ಚರ್ಚುಗಳಿಗೂ ಮೇಣದ ಬತ್ತಿಯ ಹರಕೆ ಹೊತ್ತಳು. ಅಕ್ಕ ಗುಣವಾದಳು. ಗುಣಪಡಿಸಿದ್ದು ಯಾವ ದೇವರೆಂದು ಗೊತ್ತಿಲ್ಲದ ಕಾರಣ ಯಾರಿಗೂ ಬಾಕಿ ಇಡಬಾರದು ಎಂದು ಅಮ್ಮ ಹಟ ಹಿಡಿದಳು. ಮೂರನೆಯ ಚರ್ಚು ಊರಾಚೆ ಪರಂಗಿಮಲೆ ಎಂಬ ಗುಡ್ಡದ ತುದಿಯಲ್ಲಿತ್ತು. ಮಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದು ಕೂತೆ.

"ಗಿಡ ತಕ್ಕೋ. ಗುಡ್ಡೆಯಲ್ಲಿ ಮಣ್ಣು ಉಂಟು, ಗಾಳಿ ಉಂಟು. ಅಲ್ಲೇ ನೆಡುವ" ಎಂದರು ಅಪ್ಪ. ದೀಪಾವಳಿಗೆ ಮುಂಚೆ ಸುಣ್ಣ ಬಳಿಯಲು ಹೋಟೆಲನ್ನು ಒಂದು ದಿನ ಮುಚ್ಚುತ್ತಿದ್ದರು. ಅಪ್ಪನಿಗೆ ಸಿಗುತ್ತಿದ್ದ ರಜೆ ಅದೊಂದೇ. ಆ ದಿನ ತಪ್ಪಿದರೆ ಗಿಡಕ್ಕೆ ಮತ್ತೊಂದು ವರ್ಷ ಡಬ್ಬಿಯೇ ಗತಿ, ಅಷ್ಟು ದಿನ ಅದು ಬದುಕುವಂತೆ ಇರಲಿಲ್ಲ.

ಬೆಳಿಗ್ಗೆ ನಾವು ನಡೆದೇ ಪ್ಯಾರೀಸ್ ಕಾರ್ನರ್ ಕಡೆ ಹೊರಟೆವು. ಅಮ್ಮನ ಚೀಲದಲ್ಲಿ ಬತ್ತಿ, ತೆಂಗಿನಕಾಯಿ, ಮಲ್ಲಿಗೆ. ನನ್ನ ಕೈಯಲ್ಲಿ ಹಗ್ಗ ಕಟ್ಟಿದ ಡಬ್ಬಿ. ಮೊದಲನೆಯ ಚರ್ಚಿನ ಒಳಗೆ ತಣ್ಣಗಿತ್ತು, ಕರಗಿದ ಮೇಣದ ವಾಸನೆ ಇತ್ತು. ಅಮ್ಮ ಬತ್ತಿ ಹಚ್ಚಿ, ಹೂವಿಟ್ಟು, ಚರ್ಚಿಗೆ ಹೊರಗಿನಿಂದ ಮೂರು ಸುತ್ತು ಪ್ರದಕ್ಷಿಣೆ ಬಂದಳು. ಅಲ್ಲಿನವರು ನೋಡುತ್ತಾ ನಿಂತರು. ಇಷ್ಟರವರೆಗೆ ನನಗೆ ಸಿಟ್ಟಿರಲಿಲ್ಲ.

ಸಿಟ್ಟು ಶುರುವಾದದ್ದು ತಿಂಡಿಯಿಂದ. ನಮ್ಮ ಕಡೆಯ ಹೋಟೆಲಿನವರಲ್ಲಿ ಒಂದು ಕಟ್ಟಳೆ ಇತ್ತು. ಊರಿನವರ ಹೋಟೆಲಿನ ಮುಂದೆ ಹಾಯುವಾಗ ಒಳಗೆ ಹೋಗದಿದ್ದರೆ ಅವಮಾನ. ಹೋದರೆ ತಿನ್ನದೆ ಬರುವಂತಿಲ್ಲ. ತಿಂದ ಮೇಲೆ ಅಡುಗೆಮನೆಗೆ ಹೋಗಿ ಸಾಂಬಾರು ಹೇಗಿದೆ ಎಂದು ಹೇಳದೆ ಹೊರಡುವಂತಿಲ್ಲ. ಮದ್ರಾಸಿನಲ್ಲಿ ಊರಿನವರ ಹೋಟೆಲ್ ಇಲ್ಲದ ಬೀದಿಯೇ ಕಡಿಮೆ. ಒಂದು ಕಡೆ ಇಡ್ಲಿ, ಇನ್ನೊಂದು ಕಡೆ ಗೋಳಿಬಜೆ, ಮತ್ತೊಂದು ಕಡೆ ಹಲ್ವ. ಬಿಸಿ ತುಪ್ಪ ಒಸರುವ ಹಲ್ವದ ಮುಂದೆಯೂ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಬೆಟ್ಟಕ್ಕೆ ಯಾವಾಗ ಎಂದರೆ ಅಪ್ಪ "ಇದೊಂದು ಕಾಫಿ ಆಗ್ಲಿ" ಎನ್ನುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಡಬ್ಬಿ ನೋಡಿ, "ತಂಬಿ, ಮರತ್ತುಕ್ಕುಂ ಅರೈ ಟಿಕೆಟ್" ಎಂದು ರೇಗಿಸಿದ. ಮರಕ್ಕೂ ಅರ್ಧ ಟಿಕೆಟ್ಟಂತೆ. ಬಸ್ಸಿಗೆ ಬಸ್ಸೇ ನಕ್ಕಿತು, ಅಕ್ಕನೂ ನಕ್ಕಳು. ಎರಡನೆಯ ಚರ್ಚು ಸಾಂಥೋಮಿನದು, ಬೆಳ್ಳಗೆ ಎತ್ತರದ ಗೋಪುರ. ಅದರ ಹಿಂದೆಯೇ ಸಮುದ್ರ ಮೊರೆಯುತ್ತಿತ್ತು. ಕಾಲಾದರೂ ಅದ್ದಿ ಬರುತ್ತೇನೆ ಎಂದೆ. ಹೊತ್ತಾಯಿತು, ಆಮೇಲೆ ಎಂದಳು ಅಮ್ಮ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಮೂರು ಹೋಟೆಲಿಗೆ ಇದ್ದ ಹೊತ್ತು ಸಮುದ್ರಕ್ಕೆ ಇರಲಿಲ್ಲ.

ಸೈದಾಪೇಟೆಗೆ ಬಂದಾಗ ಸುಡುಬಿಸಿಲು. ಅಲ್ಲಿಂದ ಬೆಟ್ಟಕ್ಕೆ ಎಲೆಕ್ಟ್ರಿಕ್ ರೈಲು. ಆದರೆ ಸ್ಟೇಷನ್ನಿನ ದಾರಿಯಲ್ಲೇ ಅಪ್ಪನ ಊರಿನ ಭಟ್ಟರ ಹೋಟೆಲ್. ಭಟ್ಟರು ಊರು ಬಿಟ್ಟು ಬಹಳ ವರ್ಷಗಳಾಗಿದ್ದವು, ಒಮ್ಮೆಯೂ ಹಿಂದಿರುಗಿ ಹೋಗಿರಲಿಲ್ಲ. ಅಪ್ಪನನ್ನು ನೋಡಿದ್ದೇ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಊಟವಾಯಿತು. ಗಿಡಕ್ಕೆ ನೀರು ಹಾಕಿ, ಅಡುಗೆಮನೆಯ ಹಿಂಬಾಗಿಲ ನೆರಳಿನಲ್ಲಿ ಡಬ್ಬಿ ಇಟ್ಟೆ. ದೊಡ್ಡವರು ಊರಿನ ಸುದ್ದಿ ತೆಗೆದರು. ಕಾದು ಕಾದು ನಾನು ಬೆಂಚಿನ ಮೇಲೆ ಹಾಗೇ ನಿದ್ದೆಹೋದೆ.

ಎಚ್ಚರವಾದದ್ದು ಒಂದು ವಾಸನೆಗೆ. ಅದು ಮದ್ರಾಸಿನ ವಾಸನೆಯಾಗಿರಲಿಲ್ಲ. ಅಜ್ಜಿಯ ಮನೆಯಲ್ಲಿ ಹಬ್ಬದ ಬೆಳಿಗ್ಗೆ ಏಳುತ್ತಿದ್ದ, ಬೆಂದ ಹಲಸಿನ ಎಲೆಯ ವಾಸನೆ. ಭಟ್ಟರು ಒಂದು ತಟ್ಟೆ ಹಿಡಿದು ನಿಂತಿದ್ದರು. ಅದರಲ್ಲಿ ಒಂದೇ ಒಂದು ಪುಟ್ಟ ಕೊಟ್ಟೆ ಕಡುಬು. ನಾಲ್ಕು ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ, ಹಿಟ್ಟು ಹೊಯ್ದು ಬೇಯಿಸುವುದು ನಿಮಗೆ ಗೊತ್ತಲ್ಲ. ಅಮ್ಮ ಎಲೆ ಬಿಡಿಸಿದಳು, ಆವಿ ಎದ್ದಿತು, ಅವಳ ಕಣ್ಣು ತುಂಬಿತು. ಅಪ್ಪ ಒಂದು ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ಸೈದಾಪೇಟೆಯಲ್ಲಿ ಹಲಸಿನ ಎಲೆ ಎಲ್ಲಿಂದ ಬಂತು ಎಂದು ಯೋಚಿಸಿದವನು ನಾನೊಬ್ಬನೇ.

ಹಿಂಬಾಗಿಲಿಗೆ ಓಡಿದೆ. ಡಬ್ಬಿಯಲ್ಲಿ ಒಂದು ಕಡ್ಡಿ ನಿಂತಿತ್ತು, ತಲೆಯಲ್ಲಿ ಎರಡು ಎಲೆ.

"ಬರಿಗೈಯಲ್ಲಿ ಬರ್ಲಿಲ್ಲ ನೀವು. ನನಗೆ ಅಂತ ಹಲಸಿನ ಗಿಡವನ್ನೇ ತಂದಿರಿ. ಊರಿನವರಿಗೆ ಇಡ್ಲಿ ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ ಮಾರಾಯ್ರೆ" ಎನ್ನುತ್ತಿದ್ದರು ಭಟ್ಟರು. ಊರಿನವರ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ, ಅದೂ ಒಂದು ಕಟ್ಟಳೆ. ಆ ದಿನ ಅಪ್ಪ ಏನೂ ತಂದಿರಲಿಲ್ಲ. ಈಗ ಅಲ್ಲ ಎನ್ನಲು ಅವರಿಗೆ ಸಂಕೋಚವಾಯಿತು. "ಹೌದು ಹೌದು, ನಿಮಗೇ ತಂದದ್ದು" ಎಂದುಬಿಟ್ಟರು.

ಎಲೆ ಹೋದದ್ದಕ್ಕಿಂತ ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಡಬ್ಬಿಯನ್ನು ಅವುಚಿಕೊಂಡು, "ಸುಳ್ಳು. ಇದು ನಂದು. ಬೆಟ್ಟದಲ್ಲಿ ನೆಡ್ತೇನೆ ಅಂತ ಹೇಳಿ ಕರ್ಕೊಂಡು ಬಂದದ್ದು" ಎಂದು ಕಿರಿಚಿದೆ. ಹೋಟೆಲಿನಲ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ತಲೆ ತಗ್ಗಿಸಿದರು. ಭಟ್ಟರ ಮುಖ ಸಪ್ಪಗಾಯಿತು. ಅವರು ನನ್ನ ಹತ್ತಿರ ಬಂದು ಗಿಡದ ತುದಿಯನ್ನು ಬೆರಳಿನಲ್ಲಿ ಮುಟ್ಟಿ, "ಸುಳಿ ಮುಟ್ಟಲಿಲ್ಲ ಮಗ. ಬರ್ತದೆ" ಎಂದರು. ಕಡುಬಿನ ನನ್ನ ಪಾಲನ್ನು ಅಮ್ಮ ಎಲೆಯಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಪರಂಗಿಮಲೆಯ ಮೆಟ್ಟಿಲು ಹತ್ತುವಾಗ ನಾನು ಎಲ್ಲರಿಗಿಂತ ಮುಂದೆ ನಡೆದೆ. ಡಬ್ಬಿ ಹಿಡಿಯಲು ಬಂದ ಅಪ್ಪನಿಗೂ ಕೊಡಲಿಲ್ಲ. ತುದಿಗೆ ತಲುಪಿದಾಗ ಸಂಜೆ. ಎಂಥ ಗಾಳಿ. ಕೆಳಗೆ ಕೆರೆಗಳು, ಗದ್ದೆಗಳು, ತಾಳೆ ಮರಗಳು, ದೂರದಲ್ಲಿ ಸಮುದ್ರದ ಗೆರೆ. ಇಷ್ಟು ಹಸಿರು ಇಷ್ಟು ಹತ್ತಿರ ಇದ್ದೂ ನನಗೆ ಯಾರೂ ತೋರಿಸಿರಲಿಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಅಮ್ಮ ಮೂರನೆಯ ಬತ್ತಿ ಹಚ್ಚಲು ಒಳಗೆ ಹೋದಳು. ಬಿಳಿ ಉಡುಪಿನ ಒಬ್ಬ ಮುದುಕಿ ಸಿಸ್ಟರ್ ನನ್ನ ಡಬ್ಬಿ ನೋಡಿ, "ಇದು ಎನ್ನ, ಕುಚ್ಚಿಯಾ?" ಎಂದರು. ಕಡ್ಡಿಯಲ್ಲ, ಪಲಾ ಮರ, ಹಲಸು ಎಂದೆ. ಅವರು ನಗಲಿಲ್ಲ. ಗೋಡೆಯ ಪಕ್ಕ ಜಾಗ ತೋರಿಸಿ ಒಂದು ಚೊಂಬು ನೀರು ತಂದುಕೊಟ್ಟರು. ಅಪ್ಪ ಮಂಡಿಯೂರಿ ಕೂತು, ರಜೆಯ ಬಿಳಿ ಪಂಚೆ ಕೆಂಪಾಗುವವರೆಗೆ ಕೈಯಿಂದಲೇ ಗುಂಡಿ ತೋಡಿದರು.

ಇಳಿಯುವಾಗ ಹಸಿವಾಯಿತು. ಅಮ್ಮ ಆ ಕಡುಬಿನ ಚೂರು ಕೊಟ್ಟಳು. ಮೆಟ್ಟಿಲ ಮೇಲೆ ಕೂತು ತಿಂದೆ. ಅಷ್ಟು ರುಚಿಯಾದ ಕಡುಬನ್ನು ಅದಕ್ಕೆ ಮುಂಚೆಯೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಅದು ರುಚಿಯಾಗಿತ್ತು ಎಂಬುದಕ್ಕೇ ನನಗೆ ಇವತ್ತಿಗೂ ಹೆಚ್ಚು ಸಿಟ್ಟು.

ಮರುವರ್ಷ ಸುಣ್ಣದ ದಿನ ಅಪ್ಪ ನೇರವಾಗಿ, ಎಲ್ಲೂ ಕಾಫಿ ಕುಡಿಯದೆ, ನನ್ನನ್ನು ಬೆಟ್ಟಕ್ಕೆ ಕರೆದೊಯ್ದರು. ಭಟ್ಟರು ಹೇಳಿದಂತೆ ಸುಳಿ ಚಿಗುರಿತ್ತು. ಗಿಡ ನನ್ನ ಸೊಂಟದವರೆಗೆ ಬಂದು, ಕಪ್ಪು ಹಸಿರು ಎಲೆಗಳನ್ನು ತುಂಬಿಕೊಂಡಿತ್ತು. ನೋಡುತ್ತಾ ನಿಂತ ಅಪ್ಪನ ಕೈ ತನ್ನಷ್ಟಕ್ಕೆ ಎಲೆಯ ಕಡೆ ಹೋಯಿತು. ನಾನು ನಡುವೆ ಬಂದು ನಿಂತೆ.

ಈಗ ಇದೇ ಮದ್ರಾಸಿನ ಮಾಧವರಂನ ನಿಮ್ಮ ಫ್ಲ್ಯಾಟಿನಲ್ಲಿ ಗಾಳಿ ಬೆಳಕು ಬೇಕಾದಷ್ಟಿದೆ. ಬೆಟ್ಟ ಬೇಕೆಂದರೆ ಕಾರಿನಲ್ಲಿ ಹೋಗಿ ಬರುತ್ತೀರಿ, ಗಿಡ ಬೇಕೆಂದರೆ ಕುಂಡದ ಸಮೇತ ಬಾಗಿಲಿಗೆ ಬರುತ್ತದೆ. ಕಡುಬು ಬೇಕೆಂದು ಫೋನಿನಲ್ಲಿ ಹೇಳಿದರೆ ಅದೂ ಬರುತ್ತದೆ, ಎಲೆಯ ವಾಸನೆ ಒಂದನ್ನು ಬಿಟ್ಟು. ನಾನು ಕನ್ನಡದಲ್ಲಿ ಬೈದರೆ ನೀವು ತಮಿಳಿನಲ್ಲಿ ನಗುತ್ತೀರಿ. ಆದರೂ ಪುಟ್ಟೀ, ಹೋದ ಬೇಸಿಗೆಯಲ್ಲಿ ಹಣ್ಣು ತಿಂದು ಬೀಜವನ್ನು ಬಕೆಟ್ಟಿನಲ್ಲಿ ಹೂತದ್ದು ನೀನೇ, ಯಾರೂ ಹೇಳಿಕೊಟ್ಟಿರಲಿಲ್ಲ. ನಿನ್ನ ಗಿಡಕ್ಕೆ ಈಗ ನಾಲ್ಕು ಎಲೆ ಬಂದಿದೆ. ದಿನಾ ಬೆಳಿಗ್ಗೆ ಕಾಫಿ ಹಿಡಿದು ಅದರ ಪಕ್ಕ ಕೂರುತ್ತೇನೆ, ನನಗೆ ಅರಿವಿಲ್ಲದೆ ಕೈ ಆ ಕಡೆಗೆ ಹೋಗುತ್ತದೆ. ಆದ್ದರಿಂದ ಈ ಕಥೆ ಹೇಳಿದೆ. ಸ್ಕೂಲಿಗೆ ಹೋಗುವಾಗ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗು. ಅಜ್ಜನನ್ನು ನಂಬಬೇಡ.